30 ವ್ಯಾಟ್‌ನ ಆಕಾಶವಾಣಿ: ಮೈಸೂರಿನ ಗೋಪಾಲಸ್ವಾಮಿಯವರ ಮನೆಯಿಂದ ಹೊರಟ ದನಿ ಎಷ್ಟು ದೂರ ಹೋಗಬಲ್ಲದು?

ಕಳೆದ ತಿಂಗಳು ನಮ್ಮ ಮನೆ ಮಂದಿಯ ವಾಟ್ಸಾಪ್ ಗ್ರೂಪಿನಲ್ಲಿ ಕಂಪ್ಲಿಯ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. ಮೈಸೂರಿನ ಒಬ್ಬ ಪ್ರೊಫೆಸರ್ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದರು, ಅದೇ ಭಾರತದ ಮೊಟ್ಟಮೊದಲ ಖಾಸಗಿ ರೇಡಿಯೋ, ಅವರ ದನಿ ಇಡೀ ದೇಶಕ್ಕೆ ಕೇಳುತ್ತಿತ್ತು ಎಂದು ಅದರಲ್ಲಿತ್ತು. ಆಕಾಶವಾಣಿ ಎಂಬ ಹೆಸರೂ ಅಲ್ಲಿಂದಲೇ ಬಂತಂತೆ. ಅರ್ಧ ಗಂಟೆ ಕಳೆಯುವುದರೊಳಗೆ ಸಂಡೂರಿನ ಅತ್ತೆ ಇನ್ನೊಂದು ಫಾರ್ವರ್ಡ್ ಹಾಕಿದರು. ಆ ಹೆಸರು ಕೊಟ್ಟವರು ರವೀಂದ್ರನಾಥ ಟ್ಯಾಗೋರ್ ಎಂದು ಅದು ಹೇಳುತ್ತಿತ್ತು.

ಇಷ್ಟಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಡಿಪ್ಲೊಮಾ ಓದುತ್ತಿರುವ ಚಿಕ್ಕಪ್ಪನ ಮಗ ನನಗೆ ಬೇರೆಯಾಗಿ ಫೋನ್ ಮಾಡಿದ. ಆನ್‌ಲೈನ್‌ನಲ್ಲಿ ಎಫ್.ಎಂ. ಟ್ರಾನ್ಸ್‌ಮಿಟರ್ ಕಿಟ್ ಸಿಗುತ್ತದೆ, ಜೊತೆಗೆ ಪವರ್ ಆಂಪ್ಲಿಫೈಯರೂ ಸಿಗುತ್ತದೆ, ಹೊಸಪೇಟೆಯ ನಮ್ಮ ಮಾಳಿಗೆ ಮೇಲಿಟ್ಟರೆ ಹಂಪಿವರೆಗೂ ಹಾಡು ಕೇಳಿಸಬಹುದು ಎಂಬುದು ಅವನ ಯೋಜನೆ. ಗೋಪಾಲಸ್ವಾಮಿಯವರು ಮಾಡಿದ್ದನ್ನು ನಾನೇಕೆ ಮಾಡಬಾರದು ಎಂದು ಕೇಳಿದ.

ಅವನಿಗೆ ಉತ್ತರ ಕೊಡಲು ಆ ಪ್ರೊಫೆಸರ್ ಯಾರು, ಅವರು ಮಾಡಿದ್ದೇನು, ಪವರ್ ಆಂಪ್ಲಿಫೈಯರ್ ಎಂದರೇನು ಎಂಬುದನ್ನೆಲ್ಲ ಒಟ್ಟಿಗೆ ನೋಡಬೇಕಾಯಿತು. ನಿಮ್ಮ ಗ್ರೂಪಿಗೂ ಈ ಫಾರ್ವರ್ಡ್ ಬಂದಿದ್ದರೆ ಮುಂದೆ ಓದಿ.

ಯಾರು ಈ ಗೋಪಾಲಸ್ವಾಮಿ?

ಎಂ.ವಿ. ಗೋಪಾಲಸ್ವಾಮಿ ರೇಡಿಯೋ ಎಂಜಿನಿಯರ್ ಅಲ್ಲ, ಮನಶ್ಶಾಸ್ತ್ರದ ಮೇಷ್ಟ್ರು. 1890ರ ದಶಕದಲ್ಲಿ ಹುಟ್ಟಿದ ಅವರು ಹೆಚ್ಚಿನ ಓದಿಗೆ ಲಂಡನ್ನಿಗೆ ಹೋಗಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ಮಾಡಿದರು. ಸ್ಪಿಯರ್‌ಮನ್ ಬುದ್ಧಿಶಕ್ತಿಯನ್ನು ಅಳೆಯುವ ವಿಧಾನಗಳಿಗೆ ಹೆಸರಾದವರು. ಒಂದು ಪರೀಕ್ಷೆಯ ಅಂಕದಲ್ಲಿ ವಿದ್ಯಾರ್ಥಿಯ ನಿಜವಾದ ಸಾಮರ್ಥ್ಯವೂ ಇರುತ್ತದೆ, ಆ ದಿನದ ತಲೆನೋವು, ಗಡಿಬಿಡಿ, ಅದೃಷ್ಟವೂ ಬೆರೆತಿರುತ್ತವೆ. ಇವನ್ನು ಲೆಕ್ಕ ಹಾಕಿ ಬೇರ್ಪಡಿಸುವ ದಾರಿಯನ್ನು ಅವರು 1904ರಲ್ಲೇ ತೋರಿಸಿದ್ದರು. ಅಳತೆಯಲ್ಲಿ ನಿಜ ಎಷ್ಟು, ಗದ್ದಲ ಎಷ್ಟು ಎಂದು ಕೇಳುವುದನ್ನು ಗೋಪಾಲಸ್ವಾಮಿ ಇಂಥ ಗುರುವಿನ ಬಳಿ ಕಲಿತರು.

ಊರಿಗೆ ಮರಳಿದ ಮೇಲೆ, 1924ರಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಆಗ ಕುಲಪತಿಯಾಗಿದ್ದವರು ತತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಶೀಲ್. ಕಲ್ಕತ್ತದ ನಂತರ ದೇಶದಲ್ಲಿ ಇದು ಎರಡನೆಯ ವಿಭಾಗ. ಅದನ್ನು ಕಟ್ಟಿ ಬೆಳೆಸಿದವರು ಗೋಪಾಲಸ್ವಾಮಿ. ಮುಂದೆ ಅವರು ಮಹಾರಾಜ ಕಾಲೇಜಿನ ಪ್ರಾಂಶುಪಾಲರೂ ಆದರು. ವಿದೇಶದಲ್ಲಿ ಸಿದ್ಧವಾದ ಬುದ್ಧಿ ಪರೀಕ್ಷೆಗಳನ್ನು ಹಾಗೆಯೇ ತಂದು ಇಲ್ಲಿನ ಮಕ್ಕಳ ಮುಂದಿಟ್ಟರೆ ಸರಿಯಾದ ಉತ್ತರ ಬರುವುದಿಲ್ಲ. ಹಾಗಾಗಿ ಅವನ್ನು ನಮ್ಮ ಮಕ್ಕಳಿಗೆ ಹೊಂದಿಸುವ ಕೆಲಸವನ್ನೂ ಅವರು ಮಾಡಿದರು.

ಮನೆಯೇ ಕೇಂದ್ರ

1935ರ ಸೆಪ್ಟೆಂಬರ್ 10ರಂದು ಮೈಸೂರಿನ ಒಂಟಿಕೊಪ್ಪಲಿನಲ್ಲಿದ್ದ ಅವರ ಮನೆ ವಿಠ್ಠಲ ವಿಹಾರದಿಂದ ಪ್ರಸಾರ ಆರಂಭವಾಯಿತು. ಟ್ರಾನ್ಸ್‌ಮಿಟರ್‌ನ ಶಕ್ತಿ 30 ವ್ಯಾಟ್. ಕೇಂದ್ರದ ಹೆಸರು ಆಕಾಶವಾಣಿ. ಶುರುವಿನ ಖರ್ಚನ್ನು ಅವರು ಸ್ವಂತ ಜೇಬಿನಿಂದಲೇ ಹಾಕಿಕೊಂಡರು. ಸಂಗೀತ, ಸಾಹಿತ್ಯ, ತಿಳಿವಳಿಕೆಯ ಭಾಷಣ ಇವೇ ಕಾರ್ಯಕ್ರಮಗಳು.

ಆ ಕಾಲಕ್ಕೆ ಇದು ಸಣ್ಣ ಸಾಹಸವಲ್ಲ. ಮೈಸೂರು ಸೀಮೆಯಲ್ಲಿ ಶಿವನಸಮುದ್ರದ ವಿದ್ಯುತ್ 1902ರಿಂದಲೇ ಇತ್ತು, ಹಾಗಾಗಿ ಮನೆಯಲ್ಲಿ ಯಂತ್ರ ನಡೆಸುವುದು ಸಾಧ್ಯವಿತ್ತು. ಆದರೆ ರೇಡಿಯೋ ಸೆಟ್ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಕೇಳುವವರು ಕಡಿಮೆ ಇದ್ದಾಗ ಹೇಳುವುದಕ್ಕೆ ಹೊರಟವರು ಅವರು.

30 ವ್ಯಾಟ್ ಎಂದರೆ ಎಷ್ಟು?

ನಿಮ್ಮ ಮನೆಯ ಟ್ಯೂಬ್‌ಲೈಟ್ ಸುಮಾರು 40 ವ್ಯಾಟ್ ಎಳೆಯುತ್ತದೆ. ಗೋಪಾಲಸ್ವಾಮಿಯವರ ಕೇಂದ್ರ ಗಾಳಿಗೆ ಬಿಡುತ್ತಿದ್ದ ಶಕ್ತಿ ಅದಕ್ಕಿಂತಲೂ ಕಡಿಮೆ. ಅದೇ ಹೊತ್ತಿಗೆ ಬೇರೆಡೆ ಏನಿತ್ತು ನೋಡಿ. 1927ರಲ್ಲಿ ಬೊಂಬಾಯಿ ಮತ್ತು ಕಲ್ಕತ್ತದಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಹಾಕಿದ ಟ್ರಾನ್ಸ್‌ಮಿಟರ್‌ಗಳು ತಲಾ 1,500 ವ್ಯಾಟ್‌ನವು. 1936ರ ಜನವರಿಯಲ್ಲಿ ದೆಹಲಿಯಲ್ಲಿ ಶುರುವಾದ ಸರ್ಕಾರಿ ಕೇಂದ್ರದ್ದು 20,000 ವ್ಯಾಟ್.

ಈ ವ್ಯಾಟ್ ಹುಟ್ಟುವುದು ಪವರ್ ಆಂಪ್ಲಿಫೈಯರ್‌ನಲ್ಲಿ. ಹೆಸರು ದೊಡ್ಡದು, ಕೆಲಸ ಸರಳ. ತುಂಗಭದ್ರಾ ಕಾಲುವೆಯ ತೂಬನ್ನು ನೆನಪಿಸಿಕೊಳ್ಳಿ. ತೂಬಿನ ಚಕ್ರ ತಿರುಗಿಸುವವನ ಕೈಯಲ್ಲಿ ಕಾಲುವೆ ತುಂಬುವಷ್ಟು ಬಲ ಇರುವುದಿಲ್ಲ. ಬಲ ಇರುವುದು ಹಿಂದೆ ನಿಂತ ನೀರಿನಲ್ಲಿ. ಅವನ ಕೈ ಎಷ್ಟು ತಿರುಗಿತೋ ಅದಕ್ಕೆ ತಕ್ಕಂತೆ ನೀರು ಹೆಚ್ಚು ಅಥವಾ ಕಡಿಮೆ ಹರಿಯುತ್ತದೆ. ಆಂಪ್ಲಿಫೈಯರ್ ಕೂಡ ಅಷ್ಟೇ. ಸಣ್ಣ ಸಂಕೇತ ಚಕ್ರ ತಿರುಗಿಸುತ್ತದೆ, ದೊಡ್ಡ ವಿದ್ಯುತ್ತು ವಿದ್ಯುತ್ ಪೂರೈಕೆಯಿಂದ ಬರುತ್ತದೆ.

ಆಗಿನ ತೂಬು ಎಂದರೆ ವಾಲ್ವ್. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಗಾಜಿನ ಬುರುಡೆಯೊಳಗೆ ಕಾದ ತಂತಿ ಮತ್ತು ಲೋಹದ ತಗಡಿನ ನಡುವೆ ಒಂದು ಸಣ್ಣ ಜಾಲರಿ ಸೇರಿಸಿದ. ಜಾಲರಿಗೆ ಸ್ವಲ್ಪ ವೋಲ್ಟೇಜ್ ಕೊಟ್ಟರೆ ತಂತಿಯಿಂದ ತಗಡಿಗೆ ಹರಿಯುವ ಎಲೆಕ್ಟ್ರಾನ್‌ಗಳ ಹೊಳೆ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಮೈಕ್‌ಸೆಟ್‌ನಿಂದ ಹಿಡಿದು ರೇಡಿಯೋ ಕೇಂದ್ರದವರೆಗೆ ಎಲ್ಲವೂ ಈ ಜಾಲರಿಯ ಮೇಲೆ ನಿಂತಿದ್ದವು.

ಆ ಕಾಲದ ಟ್ರಾನ್ಸ್‌ಮಿಟರ್‌ನಲ್ಲಿ ಸಾಮಾನ್ಯವಾಗಿ ಮೂರು ಮೆಟ್ಟಿಲು. ಮೊದಲ ವಾಲ್ವ್ ಒಂದೇ ಸಮನಾದ ರೇಡಿಯೋ ಅಲೆ ಹುಟ್ಟಿಸುತ್ತದೆ. ಎರಡನೆಯದು ಅದನ್ನು ಸ್ವಲ್ಪ ಬೆಳೆಸಿ, ಮುಂದಿನ ಹೊರೆ ಹಿಂದಕ್ಕೆ ತಾಗದಂತೆ ತಡೆಯುತ್ತದೆ. ಮೂರನೆಯದು ಪವರ್ ಆಂಪ್ಲಿಫೈಯರ್, ಅದೇ ಏರಿಯಲ್‌ಗೆ ಶಕ್ತಿ ನೂಕುತ್ತದೆ. ಚೆನ್ನಾಗಿ ಹೊಂದಿಸಿದರೂ ಈ ಕೊನೆಯ ವಾಲ್ವ್ ತನಗೆ ಕೊಟ್ಟ ವಿದ್ಯುತ್ತಿನಲ್ಲಿ ಸುಮಾರು 70 ಭಾಗವನ್ನು ಮಾತ್ರ ಅಲೆಯಾಗಿಸುತ್ತದೆ. ಉಳಿದ 30 ಭಾಗ ಬಿಸಿಯಾಗಿ ಹೋಗುತ್ತದೆ. ಇದರ ಜೊತೆಗೆ ಮಾತನ್ನೂ ಬೆಳೆಸಬೇಕು. ಕೊನೆಯ ವಾಲ್ವ್‌ಗೆ ಕೊಡುವ ವಿದ್ಯುತ್ತಿನ ಅರ್ಧದಷ್ಟು ಶಕ್ತಿ ಧ್ವನಿಗೂ ಬೇಕು. ಆದ್ದರಿಂದ ಧ್ವನಿಗೆಂದೇ ಇನ್ನೊಂದು ಆಂಪ್ಲಿಫೈಯರ್ ಇರುತ್ತಿತ್ತು. ಮೈಕಿನ ಮುಂದೆ ಹಾಡುವ ಒಂದು ಗಂಟಲಿನ ಹಿಂದೆ ಇಷ್ಟೆಲ್ಲ ಕಟ್ಟಬೇಕಿತ್ತು.

30ರಿಂದ 250ಕ್ಕೆ ಹೋದರೆ ಎಷ್ಟು ಲಾಭ?

ಕೆಲವು ಕಾಲದ ನಂತರ ಗೋಪಾಲಸ್ವಾಮಿಯವರ ಕೇಂದ್ರಕ್ಕೆ 250 ವ್ಯಾಟ್‌ನ ಟ್ರಾನ್ಸ್‌ಮಿಟರ್ ಬಂತು. ಶಕ್ತಿ ಎಂಟು ಪಟ್ಟಿಗಿಂತ ಹೆಚ್ಚಾಯಿತು. ಹಾಗಾದರೆ ಎಂಟು ಪಟ್ಟು ದೂರ ಕೇಳಿಸಿತೇ? ಇಲ್ಲ. ಫಾರ್ವರ್ಡ್‌ಗಳು ಎಡವುವುದು ಇಲ್ಲೇ.

ರೇಡಿಯೋ ಅಲೆ ಹೊರಗೆ ಹರಡಿದಂತೆ ತೆಳುವಾಗುತ್ತದೆ. ದೂರ ಎರಡು ಪಟ್ಟಾದರೆ ಅದೇ ಶಕ್ತಿ ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಅಂದರೆ ಎರಡು ಪಟ್ಟು ದೂರ ಅಷ್ಟೇ ಜೋರಾಗಿ ಕೇಳಬೇಕಾದರೆ ನಾಲ್ಕು ಪಟ್ಟು ವ್ಯಾಟ್ ಬೇಕು, ಮೂರು ಪಟ್ಟು ದೂರಕ್ಕೆ ಒಂಬತ್ತು ಪಟ್ಟು. ಈ ಲೆಕ್ಕದಲ್ಲಿ 30ರಿಂದ 250ಕ್ಕೆ ಏರಿದಾಗ ದೂರ ಹೆಚ್ಚೆಂದರೆ ಮೂರು ಪಟ್ಟಿನ ಹತ್ತಿರ ಬರುತ್ತದೆ. ನೆಲವೂ ಅಲೆಯನ್ನು ಹೀರಿಕೊಳ್ಳುವುದರಿಂದ ನಿಜದಲ್ಲಿ ಅದಕ್ಕಿಂತಲೂ ಕಡಿಮೆ.

ಈಗ ದೊಡ್ಡಪ್ಪನ ಫಾರ್ವರ್ಡ್‌ಗೆ ಬರೋಣ. ಇಡೀ ದೇಶ ಹಾಗಿರಲಿ, ನಮ್ಮ ಹೊಸಪೇಟೆಯನ್ನೇ ತೆಗೆದುಕೊಳ್ಳಿ. ಮೈಸೂರಿನಿಂದ ನೇರ ಗೆರೆ ಎಳೆದರೆ ಸುಮಾರು 330 ಕಿ.ಮೀ. ಮೀಡಿಯಂ ವೇವ್‌ನ 30 ವ್ಯಾಟ್ ಹಗಲಿನಲ್ಲಿ 20 ಕಿ.ಮೀ. ದೂರಕ್ಕೆ ಚೆನ್ನಾಗಿ ಕೇಳುತ್ತದೆ ಎಂದಿಟ್ಟುಕೊಳ್ಳಿ. 330 ಕಿ.ಮೀ. ಎಂದರೆ ಅದರ 16.5 ಪಟ್ಟು. 16.5ನ್ನು 16.5ರಿಂದ ಗುಣಿಸಿದರೆ 272. ಅದನ್ನು 30ರಿಂದ ಗುಣಿಸಿದರೆ 8,000 ವ್ಯಾಟ್ ದಾಟುತ್ತದೆ. ನೆಲ ಹೀರುವುದನ್ನು ಸೇರಿಸಿದರೆ ಇನ್ನೂ ಹೆಚ್ಚು. ದೆಹಲಿಯವರು 20,000 ವ್ಯಾಟ್ ಹಾಕಿದ್ದು ಏಕೆ ಎಂಬುದು ಈಗ ಅರ್ಥವಾಗುತ್ತದೆ.

ರಾತ್ರಿಯ ಮಾತು ಬೇರೆ. ಹಗಲಿನಲ್ಲಿ ವಾತಾವರಣದ ಮೇಲಿನ ಒಂದು ಪದರ ಮೀಡಿಯಂ ವೇವ್ ಅಲೆಗಳನ್ನು ನುಂಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ದೂರದ ಊರಿಗೆ ಮರಳುತ್ತವೆ. ರಾತ್ರಿ ಹೊತ್ತು ಹಳೆಯ ರೇಡಿಯೋದಲ್ಲಿ ಶ್ರೀಲಂಕಾ ಕೇಳಿಸುತ್ತಿತ್ತು ಎಂದು ಅಜ್ಜಂದಿರು ಹೇಳುವುದು ಸುಳ್ಳಲ್ಲ. ಆದರೆ ಹಾಗೆ ಬರುವ ಸಣ್ಣ ಕೇಂದ್ರದ ದನಿ ಏಳುತ್ತದೆ, ಬೀಳುತ್ತದೆ, ದೊಡ್ಡ ಕೇಂದ್ರಗಳ ಅಡಿಯಲ್ಲಿ ಮುಳುಗುತ್ತದೆ. ಅದನ್ನು ಇಡೀ ದೇಶಕ್ಕೆ ಪ್ರಸಾರ ಎಂದು ಕರೆಯಲಾಗದು.

ಇನ್ನೊಂದು ಕಷ್ಟ ಏರಿಯಲ್‌ನದು. ಮೀಡಿಯಂ ವೇವ್‌ನಲ್ಲಿ 1,000 ಕಿಲೋಹರ್ಟ್ಸ್ ಅಲೆಯ ಉದ್ದ 300 ಮೀಟರ್. ಒಳ್ಳೆಯ ಗೋಪುರ ಅದರ ಕಾಲು ಭಾಗ, ಅಂದರೆ 75 ಮೀಟರ್ ಎತ್ತರ ಇರಬೇಕು. ಹಂಪಿಯ ವಿರೂಪಾಕ್ಷ ಗುಡಿಯ ದೊಡ್ಡ ಗೋಪುರವೇ ಸುಮಾರು 50 ಮೀಟರ್. ಮನೆಯೊಂದರ ಮೇಲೆ 75 ಮೀಟರ್ ಯಾರು ನಿಲ್ಲಿಸುತ್ತಾರೆ? ತಂತಿ ಗಿಡ್ಡವಾದಷ್ಟೂ ಆಂಪ್ಲಿಫೈಯರ್ ಕೊಟ್ಟ ಶಕ್ತಿಯಲ್ಲಿ ಹೆಚ್ಚು ಪಾಲು ಬಿಸಿಯಾಗಿಯೇ ಕಳೆಯುತ್ತದೆ.

ಹಾಗಾದರೆ ಅವರ ಸಾಧನೆ ಸಣ್ಣದೇ? ಖಂಡಿತ ಅಲ್ಲ. ಒಂದು ಊರಿಗೆ ಅದರದೇ ಭಾಷೆಯಲ್ಲಿ, ಅದರದೇ ಕವಿ, ಗಾಯಕ, ಮೇಷ್ಟ್ರುಗಳ ದನಿ ಕೇಳಿಸಲು ಇಡೀ ದೇಶ ಮುಟ್ಟುವ ಅಗತ್ಯವಿರಲಿಲ್ಲ. ಊರು ಮುಟ್ಟಿದರೆ ಸಾಕಿತ್ತು.

ಕೇಂದ್ರ ಕೈ ಬದಲಾದ ಕಥೆ

ಒಬ್ಬರ ಸಂಬಳದಲ್ಲಿ ರೇಡಿಯೋ ಕೇಂದ್ರ ಬಹಳ ದಿನ ನಡೆಯದು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ, ಹಿಂದಿನ ಸಂಸ್ಥಾನಗಳ ಬೇರೆ ಕೇಂದ್ರಗಳ ಜೊತೆ ಮೈಸೂರಿನದೂ ಆಲ್ ಇಂಡಿಯಾ ರೇಡಿಯೋ ಸೇರಿತು. 1955ರಲ್ಲಿ ಬೆಂಗಳೂರು ಕೇಂದ್ರ ಆರಂಭವಾದಾಗ ಮೈಸೂರಿನ ಪ್ರಸಾರ ಅಲ್ಲಿಗೆ ಹೋಯಿತು. ಮೈಸೂರಿಗೆ ಮತ್ತೆ ಕೇಂದ್ರ ಬಂದದ್ದು ವರ್ಷಗಳ ನಂತರ. ಇಂದಿನ ಮೈಸೂರು ಆಕಾಶವಾಣಿ ಇರುವುದು ಗೋಪಾಲಸ್ವಾಮಿಯವರ ಮನೆಯಿದ್ದ ಜಾಗಕ್ಕೆ ಹತ್ತಿರದಲ್ಲೇ. ಅವರು ತೀರಿಕೊಂಡು ಆರು ದಶಕಗಳು ಕಳೆದಿವೆ. ಅವರ ಮನೆಯ ಕೇಂದ್ರದ ಹೆಸರನ್ನು ಈಗ ದೇಶದ ಸರ್ಕಾರಿ ರೇಡಿಯೋ ಹೊತ್ತಿದೆ, ನಮ್ಮ ಹೊಸಪೇಟೆಯ ಎಫ್.ಎಂ. ಕೇಂದ್ರವೂ ಹೊತ್ತಿದೆ.

ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

ಮನೆಯಿಂದ ರೇಡಿಯೋ ಕೇಂದ್ರ ನಡೆಸಿದರು ಎಂಬುದು: ನಿಜ.

ಭಾರತದ ಮೊಟ್ಟಮೊದಲ ಖಾಸಗಿ ರೇಡಿಯೋ ಎಂಬುದು: ತಪ್ಪು. ಬೊಂಬಾಯಿಯ ರೇಡಿಯೋ ಕ್ಲಬ್ 1923ರಲ್ಲೇ ಪ್ರಸಾರ ಮಾಡಿತ್ತು, ಅದೇ ವರ್ಷ ಕಲ್ಕತ್ತದಲ್ಲೂ ಆಯಿತು. 1924ರಲ್ಲಿ ಮದರಾಸು ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ 40 ವ್ಯಾಟ್‌ನಿಂದ ಶುರು ಮಾಡಿ ಮುಂದೆ 200 ವ್ಯಾಟ್‌ಗೆ ಏರಿತು. ಹಣ ಸಾಲದೆ ನಿಂತಾಗ ತನ್ನ ಟ್ರಾನ್ಸ್‌ಮಿಟರನ್ನು ಮದರಾಸು ಕಾರ್ಪೊರೇಷನ್ನಿಗೆ ಕೊಟ್ಟಿತು. ಇದರಲ್ಲಿ ನಮ್ಮ ಕಡೆಗೂ ಒಂದು ನಂಟಿದೆ. ಆಗ ಹೊಸಪೇಟೆ, ಹಂಪಿ, ಕಂಪ್ಲಿ ಎಲ್ಲ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು, ಸಂಡೂರು ಘೋರ್ಪಡೆ ಅರಸರ ಬೇರೆ ಸಂಸ್ಥಾನ. ನಮ್ಮ ಹಿರಿಯರಿಗೆ ಮೈಸೂರಿನ ಆಕಾಶವಾಣಿ ಗಡಿಯಾಚೆಯ ಕೇಂದ್ರ.

ಹೆಸರು ಟ್ಯಾಗೋರ್ ಕೊಟ್ಟದ್ದು ಎಂಬುದು: ಅರ್ಧ ಮಾತ್ರ. 1930ರ ದಶಕದ ಕೊನೆಯಲ್ಲಿ ಕಲ್ಕತ್ತದ ಶಾರ್ಟ್‌ವೇವ್ ಕೇಂದ್ರಕ್ಕಾಗಿ ಟ್ಯಾಗೋರ್ ಆ ಹೆಸರಿನ ಕವಿತೆ ಬರೆದದ್ದು ಹೌದು. ಆದರೆ ಅದಕ್ಕೂ ಮುಂಚೆ, 1935ರಲ್ಲೇ, ಮೈಸೂರಿನ ಕೇಂದ್ರ ಆ ಹೆಸರನ್ನು ಇಟ್ಟುಕೊಂಡಿತ್ತು. ಆಗ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರೂ ಹುಟ್ಟಿರಲಿಲ್ಲ, ಅದು ಬಂದದ್ದು 1936ರ ಜೂನ್‌ನಲ್ಲಿ. ಮೈಸೂರಿನಲ್ಲಿ ಹೆಸರು ಸೂಚಿಸಿದ ಶ್ರೇಯವನ್ನು ಗೋಪಾಲಸ್ವಾಮಿಯವರ ಜೊತೆಗಿದ್ದ ಹಾಸ್ಯ ಲೇಖಕ ನಾ. ಕಸ್ತೂರಿಯವರಿಗೆ ಕೊಡುವುದು ವಾಡಿಕೆ. ಸರ್ಕಾರಿ ರೇಡಿಯೋ ಈ ಹೆಸರನ್ನು ತನ್ನದಾಗಿ ಬಳಸತೊಡಗಿದ್ದು 1950ರ ದಶಕದ ಎರಡನೆಯ ಭಾಗದಲ್ಲಿ.

ಇಡೀ ದೇಶಕ್ಕೆ ಕೇಳುತ್ತಿತ್ತು ಎಂಬುದು: ತಪ್ಪು. ಲೆಕ್ಕ ಮೇಲಿದೆ.

ತಮ್ಮನಿಗೆ ಕೊಟ್ಟ ಉತ್ತರ

ಮೊದಲ ಮಾತು, ಪರವಾನಗಿ ಇಲ್ಲದೆ ಪ್ರಸಾರ ಮಾಡುವುದು ಅಪರಾಧ. ಕಿಟ್ ಮಾರಾಟಕ್ಕೆ ಇದೆ ಎಂದ ಮಾತ್ರಕ್ಕೆ ಅದನ್ನು ಚಾಲೂ ಮಾಡಲು ಅನುಮತಿ ಸಿಕ್ಕಂತೆ ಅಲ್ಲ.

ಎರಡನೆಯದು, ಇದು ಬರೀ ಕಾನೂನಿನ ತಕರಾರಲ್ಲ. ಎಫ್.ಎಂ. ಪಟ್ಟಿ 88ರಿಂದ 108 ಮೆಗಾಹರ್ಟ್ಸ್. ಅದರ ಪಕ್ಕಕ್ಕೆ, 108ರಿಂದ 137ರವರೆಗೆ, ವಿಮಾನಗಳಿಗೆ ದಾರಿ ತೋರಿಸುವ ಸಂಕೇತಗಳು ಮತ್ತು ಪೈಲಟ್‌ಗಳ ಮಾತುಕತೆ. ಅಗ್ಗದ ಆಂಪ್ಲಿಫೈಯರ್‌ನಲ್ಲಿ ಸರಿಯಾದ ಫಿಲ್ಟರ್ ಇರುವುದಿಲ್ಲ. ಅದು ನೀವು ಕೇಳಿದ ತರಂಗಾಂತರದ ಜೊತೆಗೆ ಕೇಳದ ಕಡೆಗಳಲ್ಲೂ ಕಸ ಚೆಲ್ಲುತ್ತದೆ. ನಮ್ಮ ಮಾಳಿಗೆಯಿಂದ ಬಹಳ ದೂರವಲ್ಲದ ತೋರಣಗಲ್ಲಿನಲ್ಲಿ ವಿಮಾನಗಳು ಇಳಿಯುತ್ತವೆ. ಒಂದು ಹಾಡಿಗಾಗಿ ಅವರ ಕಿವಿಗೆ ಗದ್ದಲ ತುಂಬುವುದು ಬೇಡ.

ಮೂರನೆಯದು ಪ್ರಾಣದ ಪ್ರಶ್ನೆ. ಹಳೆಯ ವಾಲ್ವ್ ಆಂಪ್ಲಿಫೈಯರ್‌ಗಳಲ್ಲಿ ನೂರಾರು, ಕೆಲವದರಲ್ಲಿ ಸಾವಿರ ದಾಟಿದ ವೋಲ್ಟ್ ಇರುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳು ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಅನುಭವಸ್ಥರು ಅದನ್ನು ಮೊದಲು ಖಾಲಿ ಮಾಡುತ್ತಾರೆ, ಒಂದು ಕೈಯನ್ನು ಜೇಬಿನಲ್ಲಿಟ್ಟು ಒಂದೇ ಕೈಯಲ್ಲಿ ಕೆಲಸ ಮಾಡುತ್ತಾರೆ, ಒಬ್ಬರೇ ಇರುವಾಗ ಮುಟ್ಟುವುದಿಲ್ಲ. ಈಗಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳಲ್ಲಿ ವೋಲ್ಟೇಜ್ ಕಡಿಮೆ ಇರಬಹುದು, ಆದರೆ ಚಾಲೂ ಇರುವ ಏರಿಯಲ್ ಮುಟ್ಟಿದರೆ ಚರ್ಮ ಸುಡುತ್ತದೆ.

ನಾಲ್ಕನೆಯದು, ವ್ಯಾಟ್ ಹಾಕಿದರೂ ಅವನ ಆಸೆ ಈಡೇರುವ ಭರವಸೆ ಇಲ್ಲ. ಎಫ್.ಎಂ. ಅಲೆ ಬಹುಮಟ್ಟಿಗೆ ಕಣ್ಣಿಗೆ ಕಾಣುವ ದಾರಿಯಲ್ಲೇ ಸಾಗುತ್ತದೆ. ಹಂಪಿಯ ಬಂಡೆಗುಡ್ಡಗಳೂ ಸಂಡೂರಿನ ಬೆಟ್ಟಸಾಲೂ ಅದಕ್ಕೆ ಗೋಡೆ ಇದ್ದಂತೆ. ಗೋಡೆಯ ಈಚೆ ನಿಂತು ಎಷ್ಟು ಕೂಗಿದರೂ ಆಚೆ ಸ್ವಲ್ಪವೇ ಕೇಳುತ್ತದೆ. ಏರಿಯಲ್ ಎತ್ತರ ಮಾಡಿದರೆ ಆಗುವ ಲಾಭ ಆಂಪ್ಲಿಫೈಯರ್ ದೊಡ್ಡದು ಮಾಡಿದರೆ ಅನೇಕ ಸಲ ಆಗುವುದಿಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ತಾನೇ ಟ್ರಾನ್ಸ್‌ಮಿಟರ್ ಕಟ್ಟಬೇಕು, ಆಂಪ್ಲಿಫೈಯರ್ ಮಾಡಬೇಕು ಎಂಬ ಹುಚ್ಚಿದ್ದರೆ ಹವ್ಯಾಸಿ ರೇಡಿಯೋ ಪರೀಕ್ಷೆ ಬರೆದು ಪರವಾನಗಿ ಪಡೆಯಬಹುದು. ಹ್ಯಾಮ್ ಎಂದು ಕರೆಯುವುದು ಇವರನ್ನೇ. 12 ವರ್ಷ ತುಂಬಿದವರು ಬರೆಯಬಹುದು. ಅವರಿಗೆ ಮೀಸಲಾದ ತರಂಗಾಂತರಗಳಿವೆ. ಅಲ್ಲಿ ಹಾಡು ಹಾಕುವಂತಿಲ್ಲ, ಆದರೆ ಕೈಯಾರೆ ಕಟ್ಟಿದ್ದನ್ನು ಪ್ರಯೋಗಿಸಿ ನೋಡಬಹುದು. ಅಲ್ಲೂ ಶಿಸ್ತಿದೆ: ಹೊಸ ಆಂಪ್ಲಿಫೈಯರನ್ನು ಮೊದಲು ಏರಿಯಲ್‌ಗೆ ಜೋಡಿಸದೆ, ಶಕ್ತಿಯನ್ನೆಲ್ಲ ಬಿಸಿಯಾಗಿ ನುಂಗುವ 50 ಓಮ್‌ನ ರೆಸಿಸ್ಟರ್‌ಗೆ ಜೋಡಿಸಿ ಪರೀಕ್ಷಿಸಬೇಕು. ಊರಿಗೆ ಕಾರ್ಯಕ್ರಮ ಕೇಳಿಸುವ ಆಸೆಯಿದ್ದರೆ ಸಮುದಾಯ ಬಾನುಲಿ ಇದೆ. ವಿದ್ಯಾಸಂಸ್ಥೆಗಳೂ ಸ್ವಯಂಸೇವಾ ಸಂಸ್ಥೆಗಳೂ ಕೇಂದ್ರ ಸರ್ಕಾರಕ್ಕೆ ಅರ್ಜಿ ಹಾಕಬಹುದು. 2006ರ ನೀತಿಯಲ್ಲಿ ಅದಕ್ಕೆ ಇಟ್ಟ ಸಾಮಾನ್ಯ ಮಿತಿ 100 ವ್ಯಾಟ್. ಅದು ಮುಟ್ಟುವುದು ಸುತ್ತಲಿನ ಕೆಲವೇ ಕಿಲೋಮೀಟರ್. ಗೋಪಾಲಸ್ವಾಮಿಯವರು ಒಂದು ಊರಿಗೆ ಮಾಡಿದ್ದಕ್ಕೆ ಇಂದಿನ ಹತ್ತಿರದ ದಾರಿ ಇದೇ.

ಕೊನೆಗೆ ಒಂದು ಮಾತು

ಜಾತ್ರೆಯ ಮೈಕ್‌ಸೆಟ್ ನೆನಪಿಸಿಕೊಳ್ಳಿ. ಹಾಡನ್ನೂ ಜೋರು ಮಾಡುತ್ತದೆ, ಮೈಕಿನ ಕರಕರವನ್ನೂ ಅಷ್ಟೇ ಜೋರು ಮಾಡುತ್ತದೆ. ಯಾವುದು ಹಾಡು, ಯಾವುದು ಕರಕರ ಎಂದು ಆಂಪ್ಲಿಫೈಯರ್‌ಗೆ ತಿಳಿಯದು. ಅದನ್ನು ಒಳಗೆ ಹೋಗುವ ಮುಂಚೆಯೇ ಬೇರ್ಪಡಿಸಬೇಕು. ನಮ್ಮ ಫೋನಿನ ಫಾರ್ವರ್ಡ್ ಬಟನ್ನೂ ಹಾಗೇ. ಗೋಪಾಲಸ್ವಾಮಿಯವರ ಬದುಕು ಇದ್ದ ಹಾಗೇ ಹೇಳಿದರೂ ದೊಡ್ಡದು. ಮೊಟ್ಟಮೊದಲು, ಇಡೀ ದೇಶ ಎಂಬ ಕರಕರ ಅದಕ್ಕೆ ಬೇಕಿಲ್ಲ.

ದೊಡ್ಡಪ್ಪನಿಗೂ ಅತ್ತೆಗೂ ಇದನ್ನೇ ಚಿಕ್ಕದಾಗಿ ಬರೆದು ಗ್ರೂಪಿಗೆ ಹಾಕಿದೆ. ಅತ್ತೆ ಕೈ ಮುಗಿಯುವ ಚಿಹ್ನೆ ಹಾಕಿದರು, ದೊಡ್ಡಪ್ಪ ತಮ್ಮ ಹಳೆಯ ಮೆಸೇಜ್ ಅಳಿಸಿದರು. ತಮ್ಮ ಕಿಟ್ ತರಿಸುವುದನ್ನು ಬಿಟ್ಟು ಹ್ಯಾಮ್ ಪರೀಕ್ಷೆಯ ಪುಸ್ತಕ ಹುಡುಕುತ್ತಿದ್ದಾನೆ. ನಿಮ್ಮ ಗ್ರೂಪಿನಲ್ಲೂ ಆ ಫಾರ್ವರ್ಡ್ ಓಡಾಡುತ್ತಿದ್ದರೆ, ಅದರ ಕೆಳಗೆ ಇದನ್ನು ಹಾಕಿ.